ಗೋಡೆ ಎದ್ದಿದೆ, ಕನ್ನಡದ ಕೊಠಡಿ ಯಾವುದು?

ಸೋಮಂದೇಪಲ್ಲಿಯಿಂದ ಹಿಂದೂಪುರ, ಪೆನುಕೊಂಡ, ಗೋರಂಟ್ಲದ ಕಡೆಗೆ ಯಾವ ದಾರಿ ಹಿಡಿದರೂ ಈಗ ಕಣ್ಣಿಗೆ ಬೀಳುವುದು ಕಟ್ಟಡಗಳು. ಕಾರ್ಖಾನೆ, ಬಡಾವಣೆ, ಹೋಟೆಲು, ಇವುಗಳ ನಡುವೆ ವಿದ್ಯೆಗೆ ಸಂಬಂಧಿಸಿದ ಕಟ್ಟಡಗಳೂ ಇವೆ. ಕೆಲವು ಪೂರ್ತಿಯಾಗಿ ಉದ್ಘಾಟನೆ ಕಂಡಿವೆ. ಕೆಲವು ಮಂಜೂರಾತಿಯ ಕಾಗದದಲ್ಲಿವೆ. ಇನ್ನು ಹಳ್ಳಿ ಶಾಲೆಗಳ ಹೆಚ್ಚುವರಿ ಕೊಠಡಿಗಳದ್ದು ಬೇರೆಯೇ ಸ್ಥಿತಿ: ಕೇಳಿದಾಗಲೆಲ್ಲ "ಮುಕ್ತಾಯದ ಹಂತದಲ್ಲಿದೆ" ಎಂಬ ಒಂದೇ ಉತ್ತರ.

ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುತ್ತಿರುವ ಗಡಿಭಾಗದ ತಂದೆ-ತಾಯಿಗಳು ಈ ಮಾತನ್ನು ಸ್ವಲ್ಪ ನಿಂತು ವಿಚಾರಿಸಬೇಕು. ಕಟ್ಟಡ ಮುಗಿಯುವ ಹೊತ್ತಿಗೆ ಯಾವ ಕೊಠಡಿ ಯಾವ ತರಗತಿಗೆ, ಯಾವ ಮಾಧ್ಯಮಕ್ಕೆ ಎಂಬುದು ತೀರ್ಮಾನವಾಗುತ್ತದೆ. ಒಮ್ಮೆ ಬೀಗದ ಕೈ ಹಸ್ತಾಂತರವಾಗಿ, ಹಾಜರಿ ಪುಸ್ತಕ ಹೊಸ ಕೊಠಡಿಗೆ ಹೋಯಿತೆಂದರೆ ಅದನ್ನು ಬದಲಾಯಿಸುವುದು ಕಷ್ಟ. ಕಟ್ಟಡದ ಪ್ರಗತಿ ವರದಿಯಲ್ಲಿ ಕೊಠಡಿಗಳ ಸಂಖ್ಯೆ, ಖರ್ಚಾದ ಹಣ, ಉಳಿದ ಕೆಲಸ ಇರುತ್ತವೆ. ಆ ಕೊಠಡಿಯಲ್ಲಿ ಯಾವ ಭಾಷೆಯಲ್ಲಿ ಪಾಠ ನಡೆಯುತ್ತದೆ ಎಂಬ ಕಾಲಂ ಮಾತ್ರ ಅದರಲ್ಲಿ ಇರುವುದಿಲ್ಲ.

ಪಾಲಸಮುದ್ರ ಕಲಿಸುವ ಪಾಠ

ನಮ್ಮ ನೆರೆಯ ದೊಡ್ಡ ಉದಾಹರಣೆಯಿಂದಲೇ ಆರಂಭಿಸೋಣ. ಗೋರಂಟ್ಲ ಮಂಡಲದ ಪಾಲಸಮುದ್ರದಲ್ಲಿ ಕಸ್ಟಮ್ಸ್, ಪರೋಕ್ಷ ತೆರಿಗೆ ಮತ್ತು ಮಾದಕ ವಸ್ತು ನಿಯಂತ್ರಣದ ಅಧಿಕಾರಿಗಳಿಗೆ ತರಬೇತಿ ನೀಡುವ ರಾಷ್ಟ್ರೀಯ ಅಕಾಡೆಮಿ ಇದೆ. ಜನ ಅದನ್ನು ನಾಸಿನ್ ಎನ್ನುತ್ತಾರೆ. ಅದಕ್ಕೆ 2015ರ ಏಪ್ರಿಲ್‌ನಲ್ಲಿ ಅಂದಿನ ಕೇಂದ್ರ ಹಣಕಾಸು ಸಚಿವ ಅರುಣ್ ಜೇಟ್ಲಿ ಶಂಕುಸ್ಥಾಪನೆ ಮಾಡಿದರು. ನಂತರ ಹಲವು ವರ್ಷ ಅಲ್ಲಿ ಹೇಳಿಕೊಳ್ಳುವಂಥ ಕೆಲಸ ಕಾಣಲಿಲ್ಲ. 2022ರ ಮಾರ್ಚ್ 5ರಂದು ನಿರ್ಮಲಾ ಸೀತಾರಾಮನ್ ಅವರು ಕಟ್ಟಡಗಳಿಗೆ ಮತ್ತೆ ಶಂಕುಸ್ಥಾಪನೆ ನೆರವೇರಿಸಿದರು. 2024ರ ಜನವರಿ 16ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಉದ್ಘಾಟಿಸಿದರು. ಸುಮಾರು 500 ಎಕರೆ ಜಾಗ, ಸುಮಾರು 541 ಕೋಟಿ ರೂಪಾಯಿ ವೆಚ್ಚ.

ಈ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಕಲ್ಲಿನಿಂದ ಎರಡನೇ ಕಲ್ಲಿಗೆ ಹತ್ತಿರ ಹತ್ತಿರ ಏಳು ವರ್ಷ. ಎರಡನೇ ಕಲ್ಲಿನಿಂದ ಉದ್ಘಾಟನೆಗೆ ಎರಡು ವರ್ಷವೂ ಇಲ್ಲ. ಕಟ್ಟುವುದಕ್ಕೆ ತಗಲುವ ಕಾಲ ದೊಡ್ಡದಲ್ಲ. ಹಣ, ಕಟ್ಟುವ ಸಂಸ್ಥೆ, ಮುಗಿಸಬೇಕಾದ ದಿನ, ಈ ಮೂರೂ ಒಟ್ಟಿಗೆ ಗೊತ್ತಾಗುವುದಕ್ಕೆ ತಗಲುವ ಕಾಲವೇ ದೊಡ್ಡದು. ಹಳ್ಳಿ ಶಾಲೆಯ ಎರಡು ಕೊಠಡಿಗೂ ಇದೇ ನಿಯಮ. ನಿಮ್ಮೂರಿನ ಕೊಠಡಿ ನಿಂತಿದ್ದರೆ ಈ ಮೂರರಲ್ಲಿ ಯಾವುದು ತಪ್ಪಿದೆ ಎಂದು ಮೊದಲು ಹುಡುಕಬೇಕು. ಬರಿದೇ "ಕಂಟ್ರಾಕ್ಟರು ಬರಲಿಲ್ಲ" ಎಂದರೆ ವಿಷಯ ಮುಗಿಯುವುದಿಲ್ಲ.

ಪಾಲಸಮುದ್ರದಿಂದ ಎರಡನೇ ಪಾಠವೂ ಇದೆ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ದೇಶದಾದ್ಯಂತ 85 ಹೊಸ ಕೇಂದ್ರೀಯ ವಿದ್ಯಾಲಯಗಳಿಗೆ ಒಪ್ಪಿಗೆ ಕೊಟ್ಟಿತು. ಆಂಧ್ರಕ್ಕೆ ಬಂದ ಎಂಟರಲ್ಲಿ ಒಂದು ಪಾಲಸಮುದ್ರದ್ದು. ಅಂಥ ಒಂದು ವಿದ್ಯಾಲಯಕ್ಕೆ 63 ಹುದ್ದೆ, 960 ಮಕ್ಕಳು ಎಂಬ ಲೆಕ್ಕ ಮಂಜೂರಾತಿಯ ಜೊತೆಯಲ್ಲೇ ಬಂದಿದೆ. ಕಟ್ಟಡಕ್ಕೆ ಇನ್ನೂ ಅಡಿಪಾಯ ತೋಡುವ ಮೊದಲೇ ಇಷ್ಟು ಶಿಕ್ಷಕರು, ಇಷ್ಟು ಸಿಬ್ಬಂದಿ ಎಂದು ಬರೆದಿಟ್ಟಿದ್ದಾರೆ. ನಮ್ಮ ಹಳ್ಳಿ ಶಾಲೆಯಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಕೊಠಡಿ ಮೊದಲು ಏಳುತ್ತದೆ, ಅದರಲ್ಲಿ ಪಾಠ ಮಾಡುವವರು ಯಾರು ಎಂಬ ಪ್ರಶ್ನೆ ಆಮೇಲೆ ಏಳುತ್ತದೆ.

ಆ ಕೇಂದ್ರೀಯ ವಿದ್ಯಾಲಯದಲ್ಲಿ ಪಾಠ ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಸಾಕಷ್ಟು ಮಕ್ಕಳು ಬಯಸಿದರೆ ಮಾತೃಭಾಷೆಯನ್ನು ಹೆಚ್ಚುವರಿಯಾಗಿ ಕಲಿಸುವ ವ್ಯವಸ್ಥೆಗೆ ಅವರ ನಿಯಮದಲ್ಲಿ ಅವಕಾಶವಿದೆ. ಆದರೆ ಕನ್ನಡ ಮಾಧ್ಯಮ ಅಲ್ಲಿ ಇರುವುದಿಲ್ಲ. ಆದ್ದರಿಂದ ನಮ್ಮ ಭಾಗಕ್ಕೆ ಹೊಸ ವಿದ್ಯಾಕಟ್ಟಡ ಬಂತು ಎಂಬ ಸುದ್ದಿಯೂ ಕನ್ನಡ ಮಾಧ್ಯಮದ ಮಗುವಿಗೆ ಕೊಠಡಿ ಸಿಕ್ಕಿತು ಎಂಬ ಸುದ್ದಿಯೂ ಒಂದೇ ಅಲ್ಲ.

ನಾಡು-ನೇಡು ಬಿಟ್ಟುಹೋದದ್ದು

ಆಂಧ್ರದ ಸರ್ಕಾರಿ ಶಾಲೆಗಳ ಕಟ್ಟಡದ ಇತ್ತೀಚಿನ ಇತಿಹಾಸ 2019ರ ನವೆಂಬರ್ 14ರಂದು ಒಂಗೋಲಿನಲ್ಲಿ ಆರಂಭವಾದ "ಮನ ಬಡಿ ನಾಡು-ನೇಡು" ಯೋಜನೆಯಿಂದ ಶುರುವಾಗುತ್ತದೆ. ಮೊದಲ ಹಂತದಲ್ಲಿ 15,715 ಶಾಲೆಗಳು. ನೀರಿರುವ ಶೌಚಾಲಯ, ಕುಡಿಯುವ ನೀರು, ಫ್ಯಾನು-ದೀಪ, ಬೆಂಚು, ಹಸಿರು ಬೋರ್ಡು, ರಿಪೇರಿ, ಬಣ್ಣ, ಕಾಂಪೌಂಡು ಮುಂತಾದವು ಅದರಲ್ಲಿ ಸೇರಿದ್ದವು. 3,600 ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಯಿತು. 2021ರ ಆಗಸ್ಟ್ 16ರಂದು ಮೊದಲ ಹಂತವನ್ನು ಜನರಿಗೆ ಒಪ್ಪಿಸಿ ಎರಡನೇ ಹಂತಕ್ಕೆ ಚಾಲನೆ ಕೊಟ್ಟರು. ಎರಡನೇ ಹಂತದಲ್ಲಿ ಹೆಚ್ಚುವರಿ ತರಗತಿ ಕೊಠಡಿಗಳೂ ಸೇರಿದವು.

ಈ ಯೋಜನೆಯಲ್ಲಿ ಒಂದು ಒಳ್ಳೆಯ ಅಂಶವಿತ್ತು, ಅದನ್ನು ಯಾವ ಪಕ್ಷದವರಾದರೂ ಒಪ್ಪಬೇಕು. ಹಣ ಬಂದದ್ದು ಪೋಷಕರ ಸಮಿತಿಯ ಖಾತೆಗೆ. ಮುಖ್ಯೋಪಾಧ್ಯಾಯರು, ಇಂಜಿನಿಯರು, ಪೋಷಕರು ಕೂತು ಸಾಮಾನು ಖರೀದಿ ಮಾಡಿ, ಬಿಲ್ಲಿಗೆ ಸಹಿ ಹಾಕಿ ಕೆಲಸ ಮಾಡಿಸಿದರು. ಮಗಳನ್ನು ಶಾಲೆಗೆ ಬಿಡಲು ಬರುತ್ತಿದ್ದ ತಾಯಿ ಸಿಮೆಂಟು ಮೂಟೆ ಎಣಿಸುವಷ್ಟು ಅಧಿಕಾರ ಪಡೆದಳು.

ಆದರೆ ಎರಡನೇ ಹಂತದ ಕೊಠಡಿಗಳು ಎಲ್ಲ ಕಡೆ ಮುಗಿಯಲಿಲ್ಲ. ಪಾಯಕ್ಕೆ ನಿಂತವು, ಲಿಂಟಲ್‌ಗೆ ನಿಂತವು, ಮೋಲ್ಡ್ ಹಾಕಿ ಗಾರೆ ಇಲ್ಲದೆ ನಿಂತವು ಜಿಲ್ಲೆ ಜಿಲ್ಲೆಯಲ್ಲೂ ಉಳಿದವು. 2024ರಲ್ಲಿ ಸರ್ಕಾರ ಬದಲಾಯಿತು, ಯೋಜನೆಯ ಹೆಸರು "ಮನ ಬಡಿ-ಮನ ಭವಿಷ್ಯತ್ತು" ಎಂದಾಯಿತು. ಹೆಸರು ಬದಲಾದದ್ದಕ್ಕೆ ನಮಗೆ ಚಿಂತೆಯಿಲ್ಲ. ಹಳೆಯ ಹೆಸರಿನಲ್ಲಿ ಅರ್ಧಕ್ಕೆ ನಿಂತ ಗೋಡೆ ಹೊಸ ಹೆಸರಿನ ಪಟ್ಟಿಯಲ್ಲಿ ಸೇರಿದೆಯೇ ಇಲ್ಲವೇ ಎಂಬುದು ಮಾತ್ರ ಚಿಂತೆ. ನಿಮ್ಮ ಮಂಡಲ ವಿದ್ಯಾಧಿಕಾರಿಯವರ ಕಚೇರಿಯಲ್ಲಿ ಈ ಒಂದು ಪ್ರಶ್ನೆ ಕೇಳಿದರೆ ನಿಮ್ಮ ಕಟ್ಟಡದ ಭವಿಷ್ಯದ ಅರ್ಧ ಗೊತ್ತಾಗುತ್ತದೆ.

"ಮುಕ್ತಾಯದ ಹಂತ" ಎಂದರೇನು?

ಕಟ್ಟಡದ ಕೆಲಸದಲ್ಲಿ ಈ ಮಾತಿಗೆ ಎರಡು ಅರ್ಥ. ಇಂಜಿನಿಯರಿನ ಪುಸ್ತಕದಲ್ಲಿ ಪಾಯ, ಪ್ಲಿಂತ್, ಲಿಂಟಲ್, ಮೋಲ್ಡ್ ಮುಗಿದರೆ ಹಣದ ಲೆಕ್ಕದಲ್ಲಿ ಹೆಚ್ಚು ಭಾಗ ಮುಗಿದಂತೆ. ಉಳಿಯುವುದು ಗಾರೆ, ನೆಲ, ಬಾಗಿಲು-ಕಿಟಕಿ, ವೈರಿಂಗು, ನೀರಿನ ಪೈಪು, ಶೌಚಾಲಯ, ಇಳಿಜಾರು ದಾರಿ, ಬಣ್ಣ. ಹಣದಲ್ಲಿ ಇದು ಚಿಕ್ಕ ಪಾಲು. ಮಗುವಿನ ದೃಷ್ಟಿಯಲ್ಲಿ ಇದೇ ದೊಡ್ಡ ಪಾಲು. ನೀರಿಲ್ಲದ ಶೌಚಾಲಯವಿರುವ "ಶೇ 90 ಮುಗಿದ" ಕಟ್ಟಡಕ್ಕೆ ಏಳನೇ ತರಗತಿಯ ಹೆಣ್ಣುಮಗು ದಿನವಿಡೀ ಹೇಗೆ ಬಂದು ಕೂರಬೇಕು?

ಪೋಷಕರು ಇಂಜಿನಿಯರುಗಳಾಗಬೇಕಿಲ್ಲ. ಕೆಲವನ್ನು ಕಣ್ಣಿನಲ್ಲೇ ನೋಡಿ ತಿಳಿಯಬಹುದು. ಮೋಲ್ಡ್ ಹಾಕಿದ ಮೇಲೆ ನೀರು ಕಟ್ಟಿ ನಿಲ್ಲಿಸಿದ್ದಾರೆಯೇ ನೋಡಿ. ನಮ್ಮ ಕಡೆಯ ಒಣ ಬಿಸಿಲಿಗೆ ಕನಿಷ್ಠ ಹತ್ತು ದಿನ ಕಾಂಕ್ರೀಟು ಒದ್ದೆಯಾಗಿರಬೇಕು. ಕೆಳಗಿನ ಸೆಂಟ್ರಿಂಗ್ ಕಂಬಗಳನ್ನು ಆತುರಪಟ್ಟು ತೆಗೆಯಬಾರದು. ನಾಲ್ಕೂವರೆ ಮೀಟರಿಗಿಂತ ಅಗಲದ ಕೊಠಡಿಯಾದರೆ ಎರಡು ವಾರ ಬಿಡಬೇಕು. ಕಾಂಕ್ರೀಟು ಲೆಕ್ಕದ ಬಲಕ್ಕೆ ಬರಲು 28 ದಿನ ಬೇಕು. ಉದ್ಘಾಟನೆಯ ದಿನ ಗೊತ್ತಾಗಿ ಈ ದಿನಗಳಲ್ಲಿ ಕಡಿತವಾದರೆ ಅದರ ಫಲ ಮೂರನೇ ಮಳೆಗಾಲದಲ್ಲಿ ಸೋರುವ ಚಾವಣಿಯಾಗಿ ಕಾಣುತ್ತದೆ. ಆಗ ಉದ್ಘಾಟನೆಗೆ ಬಂದವರು ಯಾರೂ ಅಲ್ಲಿರುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನೂ ಕೈಯಲ್ಲಿಟ್ಟುಕೊಳ್ಳಿ. ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ತರಗತಿ ಕೊಠಡಿ, ಕಚೇರಿ ಮತ್ತು ಉಗ್ರಾಣಕ್ಕೆ ಒಂದು ಕೋಣೆ, ಅಂಗವಿಕಲ ಮಕ್ಕಳಿಗೆ ಅಡ್ಡಿಯಿಲ್ಲದ ದಾರಿ, ಗಂಡು-ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಕಾಂಪೌಂಡು ಇವೆಲ್ಲ ಅದರಲ್ಲಿವೆ. "ಪ್ರತಿ ಶಿಕ್ಷಕರಿಗೆ ಒಂದು ಕೊಠಡಿ" ಎಂಬ ಮಾತನ್ನು ಗಮನಿಸಿ. ಕೊಠಡಿಗಳ ಲೆಕ್ಕ ಶಿಕ್ಷಕರ ಲೆಕ್ಕಕ್ಕೆ ಕಟ್ಟಿಹಾಕಿದೆ. ಶಿಕ್ಷಕರ ಲೆಕ್ಕ ಮಕ್ಕಳ ಲೆಕ್ಕಕ್ಕೆ ಕಟ್ಟಿಹಾಕಿದೆ. ಕನ್ನಡ ವಿಭಾಗ ಜಾರಿಹೋಗುವುದು ಈ ಎರಡನೇ ಗಂಟಿನಲ್ಲಿ.

ತಲೆ ಎಣಿಕೆಯ ಲೆಕ್ಕ

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಊರು ಎಂದುಕೊಳ್ಳಿ. ತೆಲುಗು ಪ್ರಾಥಮಿಕ ಶಾಲೆಯಲ್ಲಿ 36 ಮಕ್ಕಳು, ಕನ್ನಡ ಪ್ರಾಥಮಿಕ ಶಾಲೆಯಲ್ಲಿ 42 ಮಕ್ಕಳು. ಕಾಯ್ದೆಯ ಅನುಸೂಚಿಯಂತೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಎರಡು ಶಾಲೆಗಳಾಗಿದ್ದರೆ ಇಬ್ಬರು ಮತ್ತು ಇಬ್ಬರು, ಒಟ್ಟು ನಾಲ್ವರು. ಈಗ ಹೊಸ ಕಟ್ಟಡ ಬಂತು, ಎರಡೂ ಶಾಲೆ ಅದರೊಳಗೆ ಹೋಯಿತು, ದಾಖಲೆಯಲ್ಲಿ ಒಂದೇ ಶಾಲೆಯಾಯಿತು. 78 ಮಕ್ಕಳಾದರು. 61ರಿಂದ 90ರವರೆಗೆ ಮೂವರು ಶಿಕ್ಷಕರು. ಒಂದು ಹುದ್ದೆ ಕಡಿಮೆಯಾಯಿತು. ಕಡಿಮೆಯಾಗುವ ಹುದ್ದೆ ಯಾವುದು? ವರ್ಗಾವಣೆಯಾಗಿಯೋ ನಿವೃತ್ತಿಯಾಗಿಯೋ ಖಾಲಿಯಿರುವ ಹುದ್ದೆ. ಗಡಿಭಾಗದಲ್ಲಿ ಖಾಲಿ ಬಿದ್ದಿರುವುದು ಹೆಚ್ಚಾಗಿ ಕನ್ನಡದ ಹುದ್ದೆಯೇ. ಯಾರೂ ಕನ್ನಡವನ್ನು ಮುಚ್ಚಿ ಎಂದು ಆದೇಶ ಬರೆಯಲಿಲ್ಲ. ಲೆಕ್ಕವೇ ಆ ಕೆಲಸ ಮಾಡಿತು.

ಇನ್ನೊಂದು ಲೆಕ್ಕವೂ ಇದೆ, ಅದು ನಮ್ಮನ್ನು ಕಾಯುವ ಲೆಕ್ಕ. 1949ರ ಆಗಸ್ಟ್‌ನಲ್ಲಿ ನಡೆದ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ಸೂತ್ರ ಒಪ್ಪಿತು. ಇಡೀ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಭಾಷೆಯಲ್ಲೇ ಕಲಿಸಲು ಶಿಕ್ಷಕರನ್ನು ಕೊಡಬೇಕು. ರಾಜ್ಯಗಳ ಪುನರ್ವಿಂಗಡಣೆಯ ಕಾಲದಲ್ಲಿ, 1956ರ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಗೆ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕು ಎಂದು ಅದು ಹೇಳುತ್ತದೆ. 1961ರ ಮುಖ್ಯಮಂತ್ರಿಗಳ ಸಮ್ಮೇಳನ ಪ್ರೌಢ ಹಂತಕ್ಕೆ, ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು 60, ತರಗತಿಗೆ 15 ಎಂಬ ಲೆಕ್ಕ ಇಟ್ಟಿತು. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಸಹ ಬೋಧನಾ ಮಾಧ್ಯಮ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಾಗಿರಬೇಕು ಎನ್ನುತ್ತದೆ.

ಮೇಲಿನ ಊರಿಗೆ ಮರಳಿ ಬನ್ನಿ. ಅಲ್ಲಿ ಕನ್ನಡದ ಮಕ್ಕಳು 42. ಕೊಠಡಿ ಕೆಲಸ ಎಳೆದು, ಮಕ್ಕಳು ಜಗುಲಿಯಲ್ಲಿ ಕೂತು, ಬೇಸತ್ತ ಮೂರು ಮನೆಯವರು ಮಕ್ಕಳನ್ನು ಬೇರೆಡೆಗೆ ಸೇರಿಸಿದರೆ ಉಳಿಯುವುದು 39. ಒಂದು ಕಟ್ಟಡದ ವಿಳಂಬ ಮೂರು ಟಿ.ಸಿ.ಗಳಾಗುತ್ತದೆ, ಮೂರು ಟಿ.ಸಿ.ಗಳು ಒಂದು ಹಕ್ಕಿನ ಅಂಕಿಯನ್ನೇ ದಾಟಿಸಿಬಿಡುತ್ತವೆ. ಕಟ್ಟಡ ಯಾವಾಗ ಮುಗಿಯುತ್ತದೆ ಎಂಬುದು ಕನ್ನಡ ಮಾಧ್ಯಮಕ್ಕೆ ಇಷ್ಟು ನೇರವಾಗಿ ತಾಗುವ ಪ್ರಶ್ನೆ.

ವಿಲೀನ, ವಿಂಗಡಣೆ

2022ರ ಜೂನ್‌ನಲ್ಲಿ ಬಂದ 117ನೇ ಸಂಖ್ಯೆಯ ಆದೇಶ ನೆನಪಿರಬಹುದು. ಪ್ರಾಥಮಿಕ ಶಾಲೆಯ 3, 4, 5ನೇ ತರಗತಿಗಳನ್ನು ಹತ್ತಿರದ ಪ್ರೌಢಶಾಲೆಗೆ ಸೇರಿಸುವ ಕ್ರಮ ಅದರಿಂದ ನಡೆಯಿತು. ಹೊಸ ಸರ್ಕಾರ 2025ರಲ್ಲಿ ಅದನ್ನು ಹಿಂದಕ್ಕೆ ಪಡೆದು ಶಾಲೆಗಳನ್ನು ಬೇರೆ ರೀತಿ ವಿಂಗಡಿಸಿತು. ತರಗತಿಗೊಬ್ಬ ಶಿಕ್ಷಕರಿರುವ ಮಾದರಿ ಪ್ರಾಥಮಿಕ ಶಾಲೆ ಎಂಬ ಬಗೆ ಬಂತು. ತರಗತಿಗೊಬ್ಬ ಶಿಕ್ಷಕ ಎಂಬುದು ಒಳ್ಳೆಯ ಮಾತೇ. ಐದು ತರಗತಿಗಳನ್ನು ಒಬ್ಬರೋ ಇಬ್ಬರೋ ಎಳೆಯುವ ಶಾಲೆಯ ಪಾಡು ಏನೆಂದು ಕನ್ನಡ, ತಮಿಳು ಎರಡೂ ಭಾಷೆಯ ಶಾಲೆಗಳಲ್ಲಿ ದುಡಿದ ನನಗೆ ಗೊತ್ತು. ಒಂದನೇ ತರಗತಿಗೆ ಅಕ್ಷರ ತಿದ್ದಿಸುವಾಗ ಐದನೇ ತರಗತಿ ಭಾಗಾಕಾರ ಮರೆಯುತ್ತದೆ.

ಆದರೆ ಎರಡು ಮಾಧ್ಯಮದ ಊರಿನಲ್ಲಿ "ತರಗತಿಗೊಬ್ಬ ಶಿಕ್ಷಕ" ಎಂದರೆ ಯಾವ ಮಾಧ್ಯಮದ ತರಗತಿಗೆ? ಐದು ಕೊಠಡಿ, ಐವರು ಶಿಕ್ಷಕರು ಬಂದು ಐವರೂ ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದವರಾದರೆ ಕಟ್ಟಡದ ಲೆಕ್ಕದಲ್ಲಿ ಶಾಲೆ ಪರಿಪೂರ್ಣ. ಕನ್ನಡದ ಮಗುವಿನ ಲೆಕ್ಕದಲ್ಲಿ ಸೊನ್ನೆ. ಚಿತ್ತೂರು ಕಡೆಯ ತಮಿಳು ಮಾಧ್ಯಮ ಶಾಲೆಗಳ ಪೋಷಕರಿಗೂ ಇದೇ ಚಿಂತೆ. ಇದು ಕನ್ನಡಕ್ಕೂ ತೆಲುಗಿಗೂ ಇರುವ ಜಗಳವಲ್ಲ. ಸಣ್ಣ ಸಂಖ್ಯೆಗೂ ದೊಡ್ಡ ಲೆಕ್ಕಕ್ಕೂ ಇರುವ ತೊಡಕು.

ಜಿಲ್ಲೆಯ ವಿಂಗಡಣೆಯನ್ನೂ ಮರೆಯಬಾರದು. 2022ರ ಏಪ್ರಿಲ್ 4ರಂದು ಅನಂತಪುರ ಜಿಲ್ಲೆ ಎರಡಾಯಿತು. ಹಿಂದೂಪುರ, ಮಡಕಶಿರಾ, ಪೆನುಕೊಂಡ ಭಾಗ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂತು. ಕಲ್ಯಾಣದುರ್ಗ, ರಾಯದುರ್ಗ ಭಾಗ ಅನಂತಪುರದಲ್ಲೇ ಉಳಿಯಿತು. ಮಡಕಶಿರಾ, ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರದ ಕನ್ನಡ ಪೋಷಕರು ಒಂದು ಜಿಲ್ಲಾ ವಿದ್ಯಾಧಿಕಾರಿಯ ಬಾಗಿಲಿಗೆ, ಡಿ. ಹಿರೇಹಾಳ್, ಬೊಮ್ಮನಹಾಳ್, ಕಣೇಕಲ್ಲು, ಕುಂದುರ್ಪಿಯವರು ಇನ್ನೊಂದು ಬಾಗಿಲಿಗೆ ಹೋಗಬೇಕಾಯಿತು. ಮೊದಲೇ ಚಿಕ್ಕದಾಗಿದ್ದ ದನಿ ಎರಡು ಕಚೇರಿಗಳಲ್ಲಿ ಹಂಚಿಹೋಯಿತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆಲೂರು, ಆದೋನಿ, ರಾಯದುರ್ಗ ಆ ಕಡೆಗೆ ಹೋದ ಕಾಲದಿಂದಲೂ ಗಡಿ ಗೆರೆಗಳು ನಮ್ಮನ್ನು ಕೇಳದೆಯೇ ಬಿದ್ದಿವೆ. ಗೆರೆಯನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಗೆರೆಯ ಎರಡೂ ಕಡೆ ಮಕ್ಕಳ ಪಟ್ಟಿ ಸರಿಯಾಗಿಡುವುದು ನಮ್ಮ ಕೈಯಲ್ಲಿದೆ.

ಬಣ್ಣದ ಜಗಳ, ಪಾಠದ ಮೌನ

ಕಟ್ಟಡ ಮುಗಿಯುವಾಗ ಜಗಳ ಏಳುವುದು ಬಹುಪಾಲು ಬಣ್ಣದ ಮೇಲೆ. ಕರ್ನಾಟಕದಲ್ಲಿ 2022ರ ನವೆಂಬರ್ 14ರಂದು "ವಿವೇಕ" ಯೋಜನೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೊಠಡಿಗಳಿಗೆ ಶಂಕುಸ್ಥಾಪನೆಯಾಯಿತು. ರಾಜ್ಯವಿಡೀ ಚರ್ಚೆಯಾದದ್ದು ಕೊಠಡಿಗೆ ಕೇಸರಿ ಬಣ್ಣ ಬಳಿಯಬೇಕೇ ಬೇಡವೇ ಎಂದು. ಆಂಧ್ರದಲ್ಲಿ 2020ರಲ್ಲಿ ಪಂಚಾಯಿತಿ ಕಟ್ಟಡಗಳಿಗೆ ಬಳಿದ ಪಕ್ಷದ ಬಣ್ಣ ತೆಗೆಯಲು ಹೈಕೋರ್ಟೇ ಹೇಳಬೇಕಾಯಿತು. ಬಣ್ಣ ಎಲ್ಲರಿಗೂ ಕಾಣುತ್ತದೆ, ಅದಕ್ಕೇ ಜಗಳ. ಶಿಕ್ಷಕರಿಲ್ಲದ ಖಾಲಿ ಕುರ್ಚಿ ರಸ್ತೆಯಿಂದ ಕಾಣುವುದಿಲ್ಲ.

ಕಾಸರಗೋಡನ್ನು ನೋಡಿ. ಕೇರಳ 2017ರಿಂದ ಸಾರ್ವಜನಿಕ ಶಿಕ್ಷಣ ಸಂರಕ್ಷಣೆಯ ಹೆಸರಿನಲ್ಲಿ ಶಾಲಾ ಕಟ್ಟಡಗಳಿಗೆ ಧಾರಾಳವಾಗಿ ಹಣ ಹಾಕಿದೆ. ಕಟ್ಟಡದ ವಿಷಯದಲ್ಲಿ ಅಲ್ಲಿನವರು ನಮಗಿಂತ ಎಷ್ಟೋ ಮೇಲು. ಆದರೂ ಅಲ್ಲಿನ ಕನ್ನಡ ಪೋಷಕರು ಮತ್ತೆ ಮತ್ತೆ ಬೀದಿಗಿಳಿದದ್ದು ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ಹುದ್ದೆಗೆ ಕಳಿಸಿದ್ದಕ್ಕೆ. ಹೊಸೂರು, ತಾಳವಾಡಿ ಕಡೆ ಇನ್ನೊಂದು ಬಗೆ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ಮೇಲೇರಿ 2015-16ರಲ್ಲಿ ಹತ್ತನೇ ತರಗತಿ ಮುಟ್ಟಿತು. ಕನ್ನಡ, ತೆಲುಗು, ಉರ್ದು ಮಕ್ಕಳು ಪರೀಕ್ಷೆಯ ವಿನಾಯಿತಿಗಾಗಿ ವರ್ಷ ವರ್ಷವೂ ನ್ಯಾಯಾಲಯದ ಬಾಗಿಲು ಕಾಯಬೇಕಾಯಿತು. ತಮಿಳು ಕಲಿಯುವುದು ತಪ್ಪಲ್ಲ, ನೆಲದ ಭಾಷೆ ಕಲಿಯಲೇಬೇಕು. ಕಲಿಸುವ ಶಿಕ್ಷಕರನ್ನು ಕೊಡದೆ ಪರೀಕ್ಷೆ ಮಾತ್ರ ಇಟ್ಟರೆ ಕಷ್ಟ. ಮೂರು ರಾಜ್ಯಗಳಲ್ಲೂ ಗಡಿ ಶಾಲೆಯ ಗಂಟು ಒಂದೇ. ಗೋಡೆ ಸಿಗುತ್ತದೆ, ಗುರು ಸಿಗುವುದು ಕಷ್ಟ.

ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರರಾಜ್ಯದ ಗಡಿ ಕನ್ನಡ ಶಾಲೆಗಳಿಗೂ ಅನುದಾನ ಕೊಡುತ್ತ ಬಂದಿದೆ, ಅದನ್ನು ಕೇಳಿ ಪಡೆಯಬೇಕು. ಆದರೆ ಬೆಂಗಳೂರಿನಿಂದ ಕೊಠಡಿಗೆ ಹಣ ಬರಬಹುದು, ಆಂಧ್ರದ ಶಾಲೆಗೆ ಶಿಕ್ಷಕರ ಹುದ್ದೆ ಬರುವುದಿಲ್ಲ. ಹುದ್ದೆ ಬರಬೇಕಾದದ್ದು ಅಮರಾವತಿಯಿಂದ. 2025ರ ಮೆಗಾ ಡಿಎಸ್‌ಸಿಯಲ್ಲಿ 16,347 ಹುದ್ದೆಗಳಿಗೆ ಅಧಿಸೂಚನೆ ಹೊರಟಿತು. ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು ಕನ್ನಡ, ತಮಿಳಿನಲ್ಲೂ ಬರೆಯಬಹುದು. ಬಾಗಿಲು ಮುಚ್ಚಿಲ್ಲ. ಕನ್ನಡದ ಹುದ್ದೆ ಅಧಿಸೂಚನೆಯಲ್ಲಿ ಕಾಣಬೇಕಾದರೆ ಅದಕ್ಕೆ ಮೊದಲು ಅದು ಶಾಲೆಯ ದಾಖಲೆಯಲ್ಲಿ ಕಾಣಬೇಕು.

ಇಂಗ್ಲಿಷಿನ ಮಾತು

"ಮೇಷ್ಟ್ರೇ, ಪೆನುಕೊಂಡದಲ್ಲಿ ಕಿಯಾ ಕಾರ್ಖಾನೆ ಇದೆ, ಬೆಂಗಳೂರು ಹೆದ್ದಾರಿ ಬಾಗಿಲಲ್ಲಿದೆ, ಕನ್ನಡ ಓದಿ ಏನು ಮಾಡೋದು?" ಎಂದು ಕೇಳುವ ತಂದೆಗೆ ಉತ್ತರ ಹೇಳಲೇಬೇಕು. ಆ ಪ್ರಶ್ನೆ ತಪ್ಪಲ್ಲ. 2019ರ ಡಿಸೆಂಬರ್‌ನಲ್ಲಿ ಆ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಸೋಮಂದೇಪಲ್ಲಿಯ ಬಾಡಿಗೆ ಏರಿದೆ, ಜನ ಬಂದಿದ್ದಾರೆ, ಖಾಸಗಿ ಶಾಲೆಯ ಹಳದಿ ಬಸ್ಸುಗಳು ಹಳ್ಳಿಗೂ ಬರುತ್ತಿವೆ. ಮಕ್ಕಳಿಗೆ ಇಂಗ್ಲಿಷು ಬೇಕು, ತೆಲುಗೂ ಬೇಕು.

ಆದರೆ ಭಾಷೆಯನ್ನು ಕಲಿಯುವುದು ಬೇರೆ, ಆ ಭಾಷೆಯಲ್ಲೇ ಎಲ್ಲವನ್ನೂ ಕಲಿಯುವುದು ಬೇರೆ. ಮನೆಯಲ್ಲಿ ಕೇಳದ ಭಾಷೆಯಲ್ಲಿ ಒಂದನೇ ತರಗತಿಯ ಮಗು ಲೆಕ್ಕ, ಪರಿಸರ ಕಲಿಯಬೇಕಾದರೆ ಅದು ಕಲಿಯುವುದಕ್ಕಿಂತ ಬಾಯಿಪಾಠ ಮಾಡುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವ ಕಡೆ ಕನಿಷ್ಠ ಐದನೇ ತರಗತಿವರೆಗೆ, ಆದರೆ ಎಂಟರವರೆಗೂ, ಮನೆಮಾತಿನಲ್ಲಿ ಕಲಿಸುವುದು ಲೇಸು ಎಂದಿದೆ. ಆಂಧ್ರದಲ್ಲಿ ಹತ್ತನೇ ತರಗತಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶ ಇವತ್ತಿಗೂ ಇದೆ. ನಾವು ಕೇಳಬೇಕಾದದ್ದು ಕನ್ನಡ ಮಾಧ್ಯಮದ ಶಾಲೆಯೊಳಗೇ ಚೆನ್ನಾಗಿ ಕಲಿಸುವ ಇಂಗ್ಲಿಷು. ಒಳ್ಳೆಯ ಇಂಗ್ಲಿಷು ಬೇಕೆಂದು ಕನ್ನಡ ವಿಭಾಗದಿಂದ ಮಗುವನ್ನು ಬಿಡಿಸಿದರೆ ಇಂಗ್ಲಿಷು ಸಿಗುವುದು ಖಚಿತವಲ್ಲ, ಕನ್ನಡ ವಿಭಾಗ ಸೊರಗುವುದು ಖಚಿತ.

ಪೋಷಕರು ಏನು ಮಾಡಬೇಕು

ಇನ್ನು ಕೆಲಸದ ಮಾತು. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ-ತಾಯಿಗಳಿರಬೇಕು, ಒಟ್ಟಾರೆ ಅರ್ಧ ಮಹಿಳೆಯರಿರಬೇಕು. ಶಾಲಾಭಿವೃದ್ಧಿ ಯೋಜನೆ ಬರೆಯುವುದು ಈ ಸಮಿತಿಯ ಕೆಲಸ. ಕನ್ನಡ ಮಕ್ಕಳ ತಾಯಂದಿರು ಆ ಸಮಿತಿಯಲ್ಲಿ ಇದ್ದಾರೆಯೇ ಎಂದು ಮೊದಲು ನೋಡಿ. ಮೆಗಾ ಪೋಷಕ-ಶಿಕ್ಷಕರ ಸಭೆಗಳು ಈಗ ಪ್ರತಿ ಶಾಲೆಯಲ್ಲೂ ನಡೆಯುತ್ತಿವೆ. 2025ರ ಜುಲೈ 10ರ ಸಭೆಗೆ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ನಮ್ಮ ಜಿಲ್ಲೆಯ ಕೊತ್ತಚೆರುವಿನ ಶಾಲೆಗೇ ಬಂದಿದ್ದರು. ಅಂಥ ಸಭೆಯಲ್ಲಿ ಊಟ ಮಾಡಿ, ಫೋಟೋ ತೆಗೆಸಿಕೊಂಡು ಬರುವುದಷ್ಟೇ ಆಗಬಾರದು. "ತಲ್ಲಿಕಿ ವಂದನಂ" ಹಣದ 15,000ದಲ್ಲಿ 2,000 ರೂಪಾಯಿ ಶಾಲೆಯ ನಿರ್ವಹಣೆಗೆಂದು ಹಿಡಿಯಲಾಗುತ್ತದೆ. ಶಾಲೆಯ ಕಟ್ಟಡದಲ್ಲಿ ನಿಮ್ಮ ಹಣವೂ ಇದೆ ಎಂದಾಯಿತು. ಲೆಕ್ಕ ಕೇಳಲು ಸಂಕೋಚ ಬೇಡ.

ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಒಂದು, ನಿಂತ ಕೊಠಡಿ ಈಗಿನ ಯೋಜನೆಯ ಪಟ್ಟಿಯಲ್ಲಿದೆಯೇ, ಉಳಿದ ಕೆಲಸಕ್ಕೆ ಹಣ ಎಷ್ಟು, ಮುಗಿಸುವ ದಿನ ಯಾವುದು? ಎರಡು, ಯುಡೈಸ್ ದಾಖಲೆಯಲ್ಲಿ ನಮ್ಮ ಶಾಲೆಯ ಮಾಧ್ಯಮಗಳಲ್ಲಿ ಕನ್ನಡ ಸೇರಿದೆಯೇ? ಒಂದೇ ಶಾಲೆಗೆ ಒಂದಕ್ಕಿಂತ ಹೆಚ್ಚು ಮಾಧ್ಯಮ ನಮೂದಿಸಲು ಅಲ್ಲಿ ಅವಕಾಶವಿದೆ. ನಮೂದಾಗದಿದ್ದರೆ ಸರ್ಕಾರದ ಕಣ್ಣಿಗೆ ನಿಮ್ಮ ಮಗು ಕನ್ನಡ ಮಾಧ್ಯಮದ್ದಲ್ಲ. ಮೂರು, ಮಂಜೂರಾದ ಕನ್ನಡದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು? ನಾಲ್ಕು, ಹೊಸ ಕಟ್ಟಡದಲ್ಲಿ ಕನ್ನಡ ತರಗತಿಗೆ ಯಾವ ಕೊಠಡಿ? ಇದನ್ನು ಸಮಿತಿಯ ನಡಾವಳಿಯಲ್ಲಿ ಬರೆಸಿ, ಸಹಿ ಹಾಕಿಸಿ. ಬಾಯಿಮಾತು ಮುಖ್ಯೋಪಾಧ್ಯಾಯರ ವರ್ಗಾವಣೆಯ ಜೊತೆಗೇ ಊರು ಬಿಡುತ್ತದೆ, ನಡಾವಳಿ ಪುಸ್ತಕ ಶಾಲೆಯಲ್ಲೇ ಉಳಿಯುತ್ತದೆ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

ಕಾಲವನ್ನೂ ಗಮನಿಸಿ. ಇಲ್ಲಿ ಶಾಲೆ ತೆರೆಯುವುದು ಜೂನ್ 12ರ ಸುಮಾರಿಗೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳ ಹೆಸರನ್ನು ಶಾಲೆ ಆರಂಭಕ್ಕೆ ಮೂರು ತಿಂಗಳು ಮೊದಲೇ ನೋಂದಾಯಿಸಿಕೊಳ್ಳಬೇಕು ಎಂಬುದು ರಾಜ್ಯಗಳು ಒಪ್ಪಿದ ರಕ್ಷಣೆಗಳಲ್ಲಿ ಒಂದು. ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಅಕ್ಕಪಕ್ಕದ ಶಾಲೆಗಳ ನಡುವೆ ಹೊಂದಿಸಿಕೊಳ್ಳಲೂ ಅದು ದಾರಿ ಕೊಡುತ್ತದೆ. ಅಂದರೆ ಮಾರ್ಚ್ ತಿಂಗಳೇ ನಮ್ಮ ತಿಂಗಳು. ಜೂನ್‌ನಲ್ಲಿ ಹೋಗಿ "ಕನ್ನಡ ಮೇಷ್ಟ್ರು ಎಲ್ಲಿ?" ಎಂದು ಕೇಳಿದರೆ "ಮಕ್ಕಳು ಎಲ್ಲಿ?" ಎಂಬ ಪ್ರಶ್ನೆ ತಿರುಗಿ ಬರುತ್ತದೆ. ಮಾರ್ಚ್‌ನಲ್ಲಿ ಹೆಸರು, ವಯಸ್ಸು, ಮನೆಮಾತು ಬರೆದ ಪಟ್ಟಿಯನ್ನು ಎಲ್ಲ ತಂದೆ-ತಾಯಿಗಳ ಸಹಿಯೊಡನೆ ಮಂಡಲ ವಿದ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿಯನ್ನು ಜಿಲ್ಲಾ ವಿದ್ಯಾಧಿಕಾರಿಗೂ, ಸಂವಿಧಾನದ 350ಬಿ ವಿಧಿಯಡಿ 1957ರಿಂದ ಇರುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿಗೂ ಕಳಿಸಿ. ಅವರ ವರದಿ ರಾಷ್ಟ್ರಪತಿಗಳಿಗೆ ಹೋಗುತ್ತದೆ. ವರದಿಯಲ್ಲಿ ನಿಮ್ಮೂರಿನ ಹೆಸರು ಇರಬೇಕಾದರೆ ಮೊದಲು ಅದು ನಿಮ್ಮ ಅರ್ಜಿಯಲ್ಲಿರಬೇಕು.

ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ನಮ್ಮ ಅಮರಾಪುರ ಮಂಡಲದಲ್ಲೇ ಇದೆ. ಅಲ್ಲಿನ ಕಲ್ಲಿನ ದೇಗುಲಗಳು ಸಾವಿರ ವರ್ಷದ ಮೇಲೂ ನಿಂತಿವೆ. ಕನ್ನಡ ಓದಬಲ್ಲ ಮಕ್ಕಳು ಆ ಸೀಮೆಯಲ್ಲಿ ಇನ್ನೂ ಇದ್ದಾರೆ, ಏಕೆಂದರೆ ಯಾರೋ ಅವರಿಗೆ ಅಕ್ಷರ ತಿದ್ದಿಸಿದರು. ಈ ಬೇಸಿಗೆಯಲ್ಲಿ ನಿಮ್ಮೂರ ಶಾಲೆಯ ಕೊಠಡಿಗೆ ಗಾರೆಯಾಗಬಹುದು, ಬಣ್ಣವಾಗಬಹುದು. ಆ ಕೊಠಡಿಯ ಬಾಗಿಲ ಮೇಲೆ ಬರೆಯುವ ತರಗತಿಯ ಹೆಸರು ಕನ್ನಡದಲ್ಲಿರುತ್ತದೆಯೇ ಎಂಬುದು ಮಾರ್ಚ್‌ನಲ್ಲಿ ನೀವು ಕೊಡುವ ಪಟ್ಟಿಯ ಮೇಲೆ ನಿಂತಿದೆ.